ಸ್ವಿಚ್ ಆಫ್ ಆದರೂ ದೀಪ ಆರದಿದ್ದರೆ
(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ದೀಪಾವಳಿ ಹತ್ತಿರ ಬಂತು. ಹಳೇ ಟ್ಯೂಬ್‌ಲೈಟ್ ಇಳಿದು ಹೊಸ ಎಲ್‌ಇಡಿ ಏರುವ ಕಾಲ ಇದು. ಕನ್ನಡಿಗರಿಗೂ ಕರೆಂಟಿಗೂ ನಂಟು ಹಳೆಯದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು. ಈಗ ನಾವಿರುವ ನಾಗಪುರದ ಪಕ್ಕದಲ್ಲೇ ಕೊರಾಡಿ, ಖಾಪರ್‌ಖೇಡಾ ವಿದ್ಯುತ್ ಕೇಂದ್ರಗಳಿವೆ. ಆದರೂ ಮನೆಯ ಸ್ವಿಚ್‌ಬೋರ್ಡಿನ ಮಾತು ಬಂದರೆ "ಅವರು ಆಫೀಸಿನಿಂದ ಬರಲಿ" ಅಂತೀವಿ.

ನಾನು ಎಲೆಕ್ಟ್ರಿಷಿಯನ್ ಅಲ್ಲ, ಮನೆಯಲ್ಲಿ ನಿಂತು ಕೆಲಸ ಮಾಡಿಸುವವಳು. ಹೋದ ವರ್ಷ ನಮ್ಮ ಹಾಲ್‌ನಲ್ಲಿ ಹೊಸ ಎಲ್‌ಇಡಿ ಹಾಕಿಸಿದೆವು. ಸ್ವಿಚ್ ಆಫ್ ಮಾಡಿದರೂ ರಾತ್ರಿಯೆಲ್ಲ ಮಿಣಮಿಣ ಬೆಳಕು. ಹಾಕಿದವನು "ಎಲ್‌ಇಡಿ ಇರೋದೇ ಹಾಗೆ" ಅಂದ. ನನಗೆ ಸಮಾಧಾನವಾಗದೆ ಬೇರೊಬ್ಬ ವೈರ್‌ಮನ್‌ನನ್ನು ಕರೆಸಿದೆ. ಆತ ಟೆಸ್ಟರ್ ಇಟ್ಟು ತೋರಿಸಿದ: ಸ್ವಿಚ್ ಆಫ್ ಇದ್ದರೂ ದೀಪದ ತನಕ ಕರೆಂಟು ಬರುತ್ತಿತ್ತು. ಆ ದೀಪವನ್ನು ಸ್ಟೂಲ್ ಹತ್ತಿ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದವಳು ನಮ್ಮ ಮನೆಗೆಲಸದ ಬಾಯಿ.

ಕಾರಣ ಸರಳ. ದೀಪಕ್ಕೆ ಎರಡು ತಂತಿ: ಕರೆಂಟು ತರುವ ಫೇಸ್, ಹಿಂದಕ್ಕೆ ಒಯ್ಯುವ ನ್ಯೂಟ್ರಲ್. ಸ್ವಿಚ್ ಯಾವಾಗಲೂ ಫೇಸ್‌ನಲ್ಲಿರಬೇಕು. ನ್ಯೂಟ್ರಲ್‌ನಲ್ಲಿದ್ದರೂ ದೀಪ ಹತ್ತುತ್ತೆ, ಆರುತ್ತೆ, ಹಾಗಾಗಿ ಯಾರಿಗೂ ಅನುಮಾನ ಬರೋದಿಲ್ಲ. ಆದರೆ ದೀಪ ಆರಿದಾಗಲೂ 230 ವೋಲ್ಟ್ ಹೋಲ್ಡರಿನಲ್ಲೇ ಕಾದು ಕೂತಿರುತ್ತೆ. ನಮ್ಮಲ್ಲಿ ಹಳೇ ಟ್ಯೂಬ್ ಇದ್ದಾಗಲೂ ಈ ದೋಷ ಇತ್ತು, ಕಾಣುತ್ತಿರಲಿಲ್ಲ ಅಷ್ಟೆ. ಎಲ್‌ಇಡಿ ಮಿನುಗಲು ಅತಿ ಸಣ್ಣ ಕರೆಂಟು ಸಾಕು, ಅದಕ್ಕೇ ಬಯಲಾಯಿತು.

ಮಿಣುಕು ಬೆಳಕೆಲ್ಲ ಅಪಾಯವೇ ಅಂತಲ್ಲ. ಸ್ವಿಚ್‌ನಲ್ಲಿ ಪುಟ್ಟ ಕೆಂಪು ಇಂಡಿಕೇಟರ್ ಇದ್ದರೆ ಅದರ ಮೂಲಕವೂ ಸ್ವಲ್ಪ ಕರೆಂಟು ಹರಿಯುತ್ತೆ. ಸಾದಾ ಸ್ವಿಚ್ ಹಾಕಿಸಿದರೆ ಅದು ನಿಲ್ಲುತ್ತೆ. ಇಂಡಿಕೇಟರ್ ಇಲ್ಲದೆಯೂ ಮಿನುಗಿದರೆ ಮಾತ್ರ ಪರೀಕ್ಷೆ ಮಾಡಿಸದೆ ಬಿಡಬೇಡಿ.

ಇನ್ನೆರಡು ಲಕ್ಷಣ ನೆನಪಿಡಿ.

ಒಂದು, ಸ್ವಿಚ್ ಆಫ್ ಇದ್ದಾಗ ದೀಪ ಉರಿಯುತ್ತೆ, ಆನ್ ಮಾಡಿದೊಡನೆ ಎಂಸಿಬಿ ಬೀಳುತ್ತೆ. ಹಳೇ ಮನೆಗಳಲ್ಲಿ ಸೀಲಿಂಗ್ ರೋಸ್ ಒಳಗೇ ಫೇಸ್, ನ್ಯೂಟ್ರಲ್, ಸ್ವಿಚ್‌ನಿಂದ ಬರುವ ತಂತಿ ಮೂರೂ ಸೇರಿರುತ್ತವೆ. ಸ್ವಿಚ್‌ನಿಂದ ಬರುವ ತಂತಿಯ ಬಣ್ಣವೂ ಕಪ್ಪು ಇರಬಹುದು. ಬಣ್ಣ ನೋಡಿ ಕೆಂಪೆಲ್ಲ ಒಂದು ಕಡೆ, ಕಪ್ಪೆಲ್ಲ ಒಂದು ಕಡೆ ಕಟ್ಟಿದರೆ ಹೀಗಾಗುತ್ತೆ.

ಎರಡು, ಇಲ್ಲಿ ದೀಪ ಬದಲಿಸಿದರೆ ಪಕ್ಕದ ಕೋಣೆಯ ದೀಪ ಸತ್ತಿರುತ್ತೆ. ಇಲ್ಲಿಂದ ಅಲ್ಲಿಗೆ ಲೂಪ್ ಹೋಗಿದ್ದ ತಂತಿಯನ್ನು ಮತ್ತೆ ಕಟ್ಟಿಲ್ಲ ಅಂತ ತಿಳಿಯಿರಿ. ಇವೆರಡಕ್ಕೂ ಮದ್ದು ಒಂದೇ: ಹಳೇ ದೀಪ ಬಿಚ್ಚುವ ಮೊದಲೇ ಮೊಬೈಲಿನಲ್ಲಿ ತಂತಿಗಳ ಫೋಟೋ ತೆಗೆದಿಡಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಮೇನ್ ಆಫ್ ಮಾಡಿದೆ, ಇನ್ನೇನು ಭಯ ಅಂದುಕೊಳ್ಳಬೇಡಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ, ಮೇನ್ ಆಫ್ ಆದ ಕೂಡಲೇ ಕರೆಂಟು ಹೋಯಿತು ಅಂದುಕೊಂಡು ಅದು ಆ ದೀಪಗಳಿಗೇ ಕರೆಂಟು ಕೊಡಲು ಶುರು ಮಾಡುತ್ತೆ. ಇನ್ವರ್ಟರನ್ನೂ ಆಫ್ ಮಾಡಿ, ಅದರ ಔಟ್‌ಪುಟ್ಟನ್ನೂ ಬೇರ್ಪಡಿಸಿದ ಮೇಲೇ ಕೆಲಸ. ಟೆಸ್ಟರನ್ನು ಮೊದಲು ಕರೆಂಟು ಇರುವ ಪ್ಲಗ್ಗಿನಲ್ಲಿ ಹಚ್ಚಿ ನೋಡಬೇಕು. ಕೆಟ್ಟ ಟೆಸ್ಟರ್ ಕೂಡ "ಕರೆಂಟು ಇಲ್ಲ" ಅಂತಲೇ ಹೇಳುತ್ತೆ!

ಬಲ್ಬು, ಫ್ಯಾನು, ಸ್ವಿಚ್ಚು ಇದ್ದಲ್ಲೇ ಬದಲಿಸಲು ಕಾನೂನಿನ ಅಡ್ಡಿಯಿಲ್ಲ. ಹೊಸ ತಂತಿ ಎಳೆಯುವುದು, ಪಾಯಿಂಟ್ ಹೆಚ್ಚಿಸುವುದು ಲೈಸೆನ್ಸ್ ಇರುವವರ ಕೆಲಸ. ತಿಳಿಯದಿದ್ದರೆ ಬೋರ್ಡು ಬಿಚ್ಚಲೇಬೇಡಿ. ಆದರೆ ಕೆಲಸ ಮುಗಿದ ಮೇಲೆ ಪ್ರಶ್ನೆ ಕೇಳಲು ಲೈಸೆನ್ಸ್ ಬೇಕಿಲ್ಲ. ಇಲ್ಲಿಯ ಹಿಂದಿಯಲ್ಲೇ ಹೇಳಿ: "ಭಯ್ಯಾ, ಫೇಸ್ ಸ್ವಿಚ್ ಸೇ ಜಾನಾ ಚಾಹಿಯೇ, ನ್ಯೂಟ್ರಲ್ ಡೈರೆಕ್ಟ್. ಟೆಸ್ಟರ್ ಲಗಾಕೇ ದಿಖಾವೋ." ಲೋಹದ ದೀಪವಾದರೆ ಹಸಿರು ಅರ್ಥ್ ತಂತಿ ಕಟ್ಟಿದ್ದಾನಾ ಅಂತಲೂ ನೋಡಿ. ಮೀಟರ್ ಪಕ್ಕದಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದ್ದರೆ, ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ಅದು ಬೀಳುತ್ತಾ ನೋಡಿ.

ಇದನ್ನೆಲ್ಲ ತೋರಿಸಿದ ಮೇಲೇ ದುಡ್ಡು ಕೊಡಿ. ಸ್ಟೂಲ್ ಹತ್ತುವವರು ನಾವಾಗಲಿ, ಸೊಸೆಯಾಗಲಿ, ಬಾಯಿಯಾಗಲಿ, ಸುರಕ್ಷಿತವಾಗಿ ಕೆಳಗಿಳಿಯಬೇಕು.