ಕಿವಿ ಚುಚ್ಚುವವರ ಆಯ್ಕೆ



ಮಗುವಿಗೆ ಕಿವಿ ಚುಚ್ಚಿಸಬೇಕೆಂದೊಡನೆ ನಮ್ಮ ಮನೆಗಳಲ್ಲಿ ಏಳುವ ಮೊದಲನೆಯ ಪ್ರಶ್ನೆ ಮುಹೂರ್ತದ್ದು. ಎರಡನೆಯದು ಓಲೆಯ ತೂಕದ್ದು. ಚುಚ್ಚುವವರು ಯಾರು, ಅವರ ಸೂಜಿ ಎಂತಹದು ಎಂದು ವಿಚಾರಿಸುವವರು ವಿರಳ. ಆ ಮೂರನೆಯ ಪ್ರಶ್ನೆಯನ್ನು ಕುರಿತು ಈ ದಿನ ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇವೆ.

ನಮ್ಮ ಪೂರ್ವಿಕರು ಇದನ್ನು ಅಲ್ಪವಿಷಯವೆಂದು ಎಣಿಸಿರಲಿಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯವು ಕರ್ಣವೇಧದಿಂದಲೇ ಆರಂಭವಾಗುತ್ತದೆ. ಆರನೆಯ ಅಥವಾ ಏಳನೆಯ ತಿಂಗಳಿನಲ್ಲಿ ಮಗುವನ್ನು ತೊಡೆಯ ಮೇಲೆ ಕುಳ್ಳಿರಿಸಿ, ಆಟಿಕೆಗಳಿಂದ ರಮಿಸಿ, ಸೂರ್ಯನ ಬೆಳಕು ತೋರುವ ಎಡೆಯಲ್ಲಿ ಮೆಲ್ಲನೆ, ನೇರವಾಗಿ ಚುಚ್ಚಬೇಕೆಂದು ಅಲ್ಲಿ ವಿಧಿಸಿದೆ. ರಕ್ತವೂ ನೋವೂ ಹೆಚ್ಚಾದರೆ ಸ್ಥಳ ತಪ್ಪಿತೆಂದು ತಿಳಿಯಬೇಕು. ಅರಿಯದವನು ಮನಬಂದಂತೆ ಚುಚ್ಚಿದರೆ ಜ್ವರ, ಊತ ಮೊದಲಾದ ಉಪದ್ರವಗಳುಂಟೆಂದೂ ಎಚ್ಚರಿಸಿದೆ.

ಆದರೆ ಕೈಚಳಕವೊಂದೇ ಸಾಲದೆಂಬುದನ್ನು ನಾವು ಅನುಭವದಿಂದ ಕಲಿತೆವು. ನಮ್ಮ ಮಗಳಿಗೆ ಕಿವಿ ಚುಚ್ಚಲು ಬಂದವರು, ನಮ್ಮ ಕಿವಿಯನ್ನೂ ಚುಚ್ಚಿದ್ದ ವೃದ್ಧ ಅಕ್ಕಸಾಲಿಗರು. ಅವರ ಕೈ ಬಹು ಹಗುರ. ಚಿನ್ನದ ತಂತಿಯ ತುದಿಯನ್ನು ಅವರು ಪಂಚೆಯ ಅಂಚಿನಲ್ಲಿ ಒರೆಸಿದುದನ್ನು ಕಂಡೆವು. ಹಿರಿಯರ ಮನಸ್ಸು ನೊಂದೀತೆಂದು ಸುಮ್ಮನಾದೆವು. ನಾಲ್ಕನೆಯ ದಿನಕ್ಕೆ ಕಿವಿಯ ಹಾಲೆ ಊದಿ ಕೀವು ಕಟ್ಟಿತು. ವೈದ್ಯರು ಗುಣಪಡಿಸಿದರು. ಮಗು ಮೂರು ರಾತ್ರಿ ಅತ್ತುದಕ್ಕೆ ನಮ್ಮ ದಾಕ್ಷಿಣ್ಯವೇ ಕಾರಣವಾಗಿತ್ತು.

ಆದುದರಿಂದ ದಾಕ್ಷಿಣ್ಯವನ್ನು ಬದಿಗಿಟ್ಟು ಕೇಳತಕ್ಕ ಮಾತುಗಳು ಕೆಲವುಂಟು. ಸೂಜಿಯು ಹೊಸದೇ? ಮೊಹರು ಮಾಡಿದ ಪೊಟ್ಟಣವನ್ನು ನಮ್ಮ ಕಣ್ಣೆದುರಿಗೇ ಒಡೆಯುವರೇ? ಒಬ್ಬರ ರಕ್ತ ತಗಲಿದ ಸೂಜಿಯಿಂದ ಮತ್ತೊಬ್ಬರಿಗೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್.ಐ.ವಿ. ಇವು ಹರಡಬಹುದು, ದೀಪದಲ್ಲಿ ಕಾಯಿಸಿದ ಮಾತ್ರಕ್ಕೆ ಅದು ಶುದ್ಧವಾಯಿತೆಂದು ನಂಬಲಾಗದು. ಮತ್ತೆ ಬಳಸುವ ಲೋಹದ ಉಪಕರಣಗಳನ್ನು ಒತ್ತಡದ ಆವಿಯಲ್ಲಿ, 121 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ, 15 ನಿಮಿಷಗಳಿಗೆ ಕಡಮೆಯಿಲ್ಲದಂತೆ ಇರಿಸಿರಬೇಕು. ಪ್ಲಾಸ್ಟಿಕ್ಕಿನ ಅನೇಕ ಚುಚ್ಚುವ ಗನ್ನುಗಳು ಈ ಶಾಖವನ್ನು ತಾಳಲಾರವು. ಕೈ ತೊಳೆದು ಹೊಸ ಕೈಗವಸು ತೊಡುವರೇ? ಆಭರಣದಲ್ಲಿ ನಿಕ್ಕಲ್ ಬೆರೆತಿಲ್ಲವಷ್ಟೆ? ಆ ಲೋಹದಿಂದ ಹಲವರಿಗೆ ತುರಿಕೆಯೂ ಗಾಯವೂ ಆಗುತ್ತವೆ.

ಯೋಗ್ಯನಾದವನು ತಾನೂ ಪ್ರಶ್ನೆ ಕೇಳುತ್ತಾನೆ. ಮಗುವಿಗೆ 6, 10 ಮತ್ತು 14 ವಾರಗಳ ಲಸಿಕೆಗಳು ಆಗಿವೆಯೇ? ಮನೆತನದಲ್ಲಿ ಗಾಯದ ಕಲೆ ಗಂಟಾಗಿ ಬೆಳೆಯುವ ಸ್ವಭಾವವುಂಟೇ? ಬುಗುಡಿಗಾಗಿ ಕಿವಿಯ ಮೇಲಂಚನ್ನು ಚುಚ್ಚಿಸಬಯಸುವವರಿಗೆ ಅವನು ಇನ್ನೂ ಹೆಚ್ಚಾಗಿ ಎಚ್ಚರಿಕೆ ಹೇಳುತ್ತಾನೆ. ಅಲ್ಲಿರುವ ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ. ಸೋಂಕು ತಗಲಿದರೆ ಕಿವಿಯ ಆಕಾರವೇ ಕೆಡಬಹುದು. ಹಾಲೆಯ ಗಾಯ ಸುಮಾರು 6ರಿಂದ 8 ವಾರಗಳಲ್ಲಿ ಮಾಯುತ್ತದೆ; ಮೇಲಂಚಿನದಕ್ಕೆ ಹಲವು ತಿಂಗಳುಗಳೇ ಬೇಕು. ಇದನ್ನು ಮೊದಲೇ ತಿಳಿಸದವನು ಕೆಲಸವನ್ನು ಅರ್ಧ ಮಾತ್ರ ಬಲ್ಲವನು.

ಕೇಳಿದರೆ ಕೋಪಿಸಿಕೊಳ್ಳುವವರಿಂದ ಮಗುವನ್ನು ಎತ್ತಿಕೊಂಡು ಹಿಂದಿರುಗುವುದೇ ಲೇಸು. ಕೇಳಿದುದಕ್ಕೆ ಸಮಾಧಾನದಿಂದ ಉತ್ತರಿಸಿ, ಅಗತ್ಯ ಕಂಡಲ್ಲಿ "ಇಂದು ಬೇಡ" ಎನ್ನಬಲ್ಲವರು ವೈದ್ಯರಾಗಲಿ, ದಾದಿಯಾಗಲಿ, ಅಕ್ಕಸಾಲಿಗರೇ ಆಗಲಿ, ನಂಬತಕ್ಕವರು. ಮುಹೂರ್ತ ಮತ್ತೊಂದು ಬಂದೀತು; ಕಿವಿ ಮತ್ತೊಂದು ಬಾರದು.