ಬಲಗಡೆಯ ಲೆಕ್ಕ ಮೊದಲು

ಪ್ರೋಗ್ರಾಮಿಂಗ್ ಕಲಿಯಲು ಕೂತವರು, ಗಣಿತದಲ್ಲಿ ಚುರುಕಾಗಿದ್ದವರೂ ಸೇರಿ, ಮೊದಲು ಎಡವುವುದು ಇಂಥದೊಂದು ಸಾಲಿನಲ್ಲಿ: ಅಂಕ = ಅಂಕ + 1. ಶಾಲೆಯಲ್ಲಿ ಹೀಗೆ ಬರೆದಿದ್ದರೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಿದ್ದರು. ಯಾವ ಸಂಖ್ಯೆ ತಾನೇ ತನಗಿಂತ ಒಂದು ಹೆಚ್ಚಿರುತ್ತದೆ?

12ನೆಯ ಶತಮಾನದ ಭಾಸ್ಕರಾಚಾರ್ಯರ ಬೀಜಗಣಿತದಲ್ಲಿ ಅವ್ಯಕ್ತ ರಾಶಿಗಳಿಗೆ ಯಾವತ್ತಾವತ್, ಕಾಲಕ, ನೀಲಕ ಎಂಬ ಹೆಸರುಗಳಿವೆ. ಕಾಲಕದ ಬೆಲೆ ನಮಗೆ ಗೊತ್ತಿರುವುದಿಲ್ಲ, ಅಷ್ಟೇ. ಒಂದು ಲೆಕ್ಕ ಮುಗಿಯುವ ತನಕ ಅದು ಬದಲಾಗುವುದಿಲ್ಲ. ಅಂಕದಂಥ ಕಂಪ್ಯೂಟರ್ ವೇರಿಯಬಲ್ಲಿನ ಜಾಯಮಾನವೇ ಬೇರೆ. ಈ ಗಳಿಗೆಯಲ್ಲಿ ಅದರ ಬೆಲೆ ಎಷ್ಟೆಂದು ಯಂತ್ರಕ್ಕೆ ಗೊತ್ತು, ಮುಂದಿನ ಸಾಲಿಗೆ ಅದು ಇನ್ನೇನೋ ಆಗಿರಬಹುದು. ಹಾಗಾಗಿ ಮೇಲಿನ ಸಾಲನ್ನು ಅಪ್ಪಣೆಯೆಂದು ಓದಬೇಕು: ಬಲಗಡೆಯ ಲೆಕ್ಕ ಮೊದಲು ಮಾಡು, ಬಂದದ್ದನ್ನು ಎಡಗಡೆಯ ಹೆಸರಿಗೆ ಕೊಡು. ಅಂಕ 7 ಇದ್ದದ್ದು 8 ಆಯಿತು. 7 ಹೋಯಿತು, ಇನ್ನು ಸಿಗುವುದಿಲ್ಲ.

ನನ್ನ ಮಟ್ಟಿಗೆ ಇಲ್ಲಿ ದಡ್ಡತನ ಕಲಿಯುವವರದ್ದಲ್ಲ. 1557ರಲ್ಲಿ ವೇಲ್ಸಿನ ರಾಬರ್ಟ್ ರೆಕಾರ್ಡ್, 'ಇದು ಅದಕ್ಕೆ ಸಮ' ಎಂದು ಪದೇ ಪದೇ ಬರೆಯುವ ಬೇಸರ ತಪ್ಪಿಸಿಕೊಳ್ಳಲು ಜೋಡಿಗೆರೆ (=) ಎಳೆದ. 400 ವರ್ಷ ಕಳೆದು 1957ರಲ್ಲಿ ಬಂದ ಫೋರ್ಟ್ರಾನ್ ಆ ಗೆರೆಗಳನ್ನೇ ಅಪ್ಪಣೆಗೆ ಬಳಸಿಕೊಂಡಿತು. ಪ್ಯಾಸ್ಕಲ್ ಭಾಷೆಯಲ್ಲಿ ಆ ಗೆರೆಗಳ ಹಿಂದೆ ಒಂದು ಕೋಲನ್ ಇಟ್ಟು ವ್ಯತ್ಯಾಸ ತೋರಿಸಿದರು. ಸಿ, ಪೈಥಾನ್ ಮಾತ್ರ ಹಳೆಯ ದಾರಿಯನ್ನೇ ಹಿಡಿದವು. ಅಲ್ಲಿ ಎರಡು ಬೆಲೆಗಳು ಸಮವೇ ಎಂದು ಕೇಳಬೇಕಾದರೆ ಚಿಹ್ನೆಯನ್ನು ಎರಡು ಸಲ ಒತ್ತಬೇಕು.

ಈಗ ಒಂದು ಸಣ್ಣ ಕೆಲಸ. ಎ ಬೆಲೆ 3, ಬಿ ಬೆಲೆ 5. ಅದಲುಬದಲು ಮಾಡಿ. ಹೆಚ್ಚಿನವರು ಎ = ಬಿ, ಅದರ ಕೆಳಗೆ ಬಿ = ಎ ಎಂದು ಬರೆಯುತ್ತಾರೆ. ನಡೆಸಿ ನೋಡಿದರೆ ಎರಡರಲ್ಲೂ 5! ವೇರಿಯಬಲ್ ಎಂದರೆ ಡಬ್ಬಿ ಎಂದು ಹೇಳಿಕೊಡುವ ರೂಢಿ ಕೈಕೊಡುವುದು ಇಲ್ಲೇ. ಡಬ್ಬಿಯಿಂದ ತೆಗೆದರೆ ಅದು ಬರಿದಾಗುತ್ತದೆ, ಬಿ ಬರಿದಾಗಲಿಲ್ಲ. ಡಬ್ಬಿಗೆ ಹೊಸತು ಹಾಕಿದರೆ ಹಳೆಯದೂ ತಳದಲ್ಲಿರುತ್ತದೆ; ಎ ಒಳಗಿದ್ದ 3 ಉಳಿಯಲೇ ಇಲ್ಲ.

ಆ 3 ಅಳಿಯುವ ಮುಂಚೆ ಮೂರನೆಯದೊಂದು ಹೆಸರಿಗೆ ಅದನ್ನು ಕೊಟ್ಟಿಡಬೇಕು: ಸಿ = ಎ, ಎ = ಬಿ, ಬಿ = ಸಿ. ಪೈಥಾನಿನಲ್ಲಾದರೆ ಎ, ಬಿ = ಬಿ, ಎ ಎಂಬ ಒಂದೇ ಸಾಲು ಸಾಕು, ಏಕೆಂದರೆ ಬಲಗಡೆಯ ಎರಡೂ ಬೆಲೆಗಳನ್ನು ಓದಿಕೊಂಡ ಮೇಲೆಯೇ ಅದು ಎಡಗಡೆಗೆ ಬರುತ್ತದೆ. ಹೊಸಬರು ಮೊದಲು ಮೂರು ಸಾಲಿನದನ್ನೇ ಕಾಗದದ ಮೇಲೆ, ಹಳೆಯ ಬೆಲೆಯನ್ನು ಹೊಡೆದುಹಾಕುತ್ತಾ ಹೊಸದನ್ನು ಬರೆಯುತ್ತಾ ಮಾಡಿ ನೋಡಲಿ.