ಹಿಂದುಳಿದ ವಿದ್ಯಾರ್ಥಿಯೂ ಕಾರ್ಯಮುಖವಾದ ಕಲಿಕೆಯೂ



ದಡ್ಡನೆಂಬ ಹೆಸರು ಹುಡುಗನೊಬ್ಬನಿಗೆ ಒಮ್ಮೆ ಅಂಟಿತೆಂದರೆ ಬಿಡಿಸುವುದು ಕಷ್ಟ. ಮನೆಯಲ್ಲಿ ಹಿರಿಯರು ಬಾಯಿಬಿಟ್ಟು ಹಾಗೆನ್ನುವರು. ಉಪಾಧ್ಯಾಯರಾದ ನಾವು ಅವನನ್ನು ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿ, ಹೇಳದೆಯೇ ಹೇಳುವೆವು. ಕೊನೆಗೆ ಅವನೂ ಅದನ್ನು ನಂಬುವನು. ಇಂಥವನಿಗೆ ಬರಿಯ ಪಾಠವನ್ನು ಒಪ್ಪಿಸುವುದಕ್ಕೆ ಬದಲು ಒಂದು ಕಾರ್ಯವನ್ನು ವಹಿಸಿ, ಅದರ ಮೂಲಕವೇ ಕಲಿಸಬಹುದೆಂಬ ಮಾತನ್ನು ತಾವು ಕೇಳಿರಬಹುದು. ನಾವು ಅದನ್ನು ಮಾಡಿ ನೋಡಿದವರು. ಮೊದಲ ಸಲ ಸೋತೂ ಇದ್ದೇವೆ.

ಪದ್ಧತಿ ಹೊಸದಲ್ಲ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಕಿಲ್‌ಪ್ಯಾಟ್ರಿಕ್ ಅವರು ೧೯೧೮ರಲ್ಲಿ 'ಯೋಜನಾ ಪದ್ಧತಿ'ಯನ್ನು ಕುರಿತು ಪ್ರಸಿದ್ಧವಾದ ಲೇಖನವೊಂದನ್ನು ಪ್ರಕಟಿಸಿದರು. ಮಗು ಮನಸ್ಸಿಟ್ಟು ಕೈಗೊಂಡ ಕಾರ್ಯವೇ ಕಲಿಕೆಗೆ ನೆಲೆಯೆಂಬುದು ಅವರ ವಾದ. ನಮ್ಮ ದೇಶದಲ್ಲಿ ೧೯೩೭ರ ಅಕ್ಟೋಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ವಾರ್ಧಾದಲ್ಲಿ ನಡೆದ ಸಮ್ಮೇಳನವೂ, ಅದು ನೇಮಿಸಿದ ಜಾಕಿರ್ ಹುಸೇನರ ಸಮಿತಿಯೂ ಒಂದು ಕಸುಬನ್ನು ನಡುವೆ ಇರಿಸಿ, ಇತರ ಪಾಠಗಳನ್ನು ಅದಕ್ಕೆ ಹೊಂದಿಸಬೇಕೆಂದು ಸೂಚಿಸಿದವು. ಎರಡೂ ಒಂದೇ ಅಲ್ಲ. ಆದರೆ ಕೈಗೂ ಬುದ್ಧಿಗೂ ನಡುವೆ ಗೋಡೆ ಬೇಡವೆಂಬಲ್ಲಿ ಎರಡೂ ಕೂಡುತ್ತವೆ.

ನಾವಿರುವ ಕಾಲೇಜಿನಲ್ಲಿ ಗಣಿತದಲ್ಲಿ ಹಿಂದುಳಿದವರಿಗೆ ಒಂದು ಸಂಜೆಯ ತರಗತಿಯಿದೆ. ಮೊದಲ ವರ್ಷ ಅವರ ಜೊತೆಗೆ ಚುರುಕಾದ ಕೆಲವರನ್ನು ಬೆರೆಸಿ ಗುಂಪು ಮಾಡಿ, ಕಟ್ಟಡವನ್ನು ಅಳೆದು ನಕ್ಷೆ ಬರೆಯಿರೆಂದೆವು. ನಕ್ಷೆ ಅಂದವಾಗಿ ಬಂದಿತು. ಹಿಗ್ಗಿ, ಅವರಲ್ಲಿ ತೀರ ಮಂಕನೆಂದು ಹೆಸರಾದವನನ್ನು ಕರೆದು, "ನೀನೇನು ಮಾಡಿದೆಯಪ್ಪ?" ಎಂದು ಕೇಳಿದೆವು. "ಟೇಪಿನ ತುದಿ ಹಿಡಿದುಕೊಂಡಿದ್ದೆ ಸಾರ್" ಎಂದನು. ಮೂರು ವಾರವೂ ಅವನು ಮಾಡಿದ್ದು ಅಷ್ಟೇ. ಲೆಕ್ಕವೆಲ್ಲ ಜಾಣರದು. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತವನನ್ನು ನಾವು ಬಯಲಿನಲ್ಲಿಯೂ ಹಿಂದೆಯೇ ನಿಲ್ಲಿಸಿದ್ದೆವು, ತಪ್ಪು ನಮ್ಮದೇ.

ಮುಂದಿನ ಕಾರ್ಯವನ್ನು ಒದಗಿಸಿದವನು ಕಾಲೇಜಿನ ಮಾಲಿ. ತಾರಸಿಯ ನೀರು ಬೀಳುವ ಕೊಳವೆಯ ಕೆಳಗೆ ಇನ್ನೂರು ಲೀಟರಿನ ಪೀಪಾಯಿಗಳನ್ನು ಇಡಬೇಕೆಂದು ಅವನಿಗೆ ಆಸೆ. ಎಷ್ಟು ಬೇಕೆಂದು ಕೇಳುತ್ತಿದ್ದನು. ಈ ಸಲ ಕಟ್ಟಳೆಯನ್ನು ತಿರುಗಿಸಿದೆವು: ಜಾಣರು ಟೇಪು ಹಿಡಿಯತಕ್ಕದ್ದು, ಲೆಕ್ಕ ನಮ್ಮ ಹುಡುಗನದು. ತಾರಸಿ ೧೨ ಮೀಟರು ಉದ್ದ, ೮ ಮೀಟರು ಅಗಲ. ೯೬ ಚದರ ಮೀಟರು. ನೇರವಾದ ಡಬ್ಬಿಯೊಂದರಲ್ಲಿ ಹಿಡಿದ ಒಂದು ಸಂಜೆಯ ಮಳೆ ೨೦ ಮಿಲಿಮೀಟರು. ಅವನು ಎರಡನ್ನೂ ಗುಣಿಸಿ ೧,೯೨೦ ಘನಮೀಟರೆಂದು ಬರೆದು, ಲೀಟರಿಗೆ ತಿರುಗಿಸಿ, ಭಾಗಿಸಿ, ನೇರವಾಗಿ ಮಾಲಿಯ ಬಳಿಗೆ ಹೋಗಿ ೯,೬೦೦ ಪೀಪಾಯಿ ಬೇಕೆಂದು ಹೇಳಿಬಿಟ್ಟನು.

ಮಾಲಿ ನಗಲಿಲ್ಲ. "ಅಷ್ಟು ಪೀಪಾಯಿ ಇಡೋಕೆ ಜಾಗ ಎಲ್ಲೈತಪ್ಪ?" ಎಂದು ಕೇಳಿದನಷ್ಟೆ.

ಆ ಹುಡುಗನ ಉತ್ತರಪತ್ರಿಕೆಗಳ ಮೇಲೆ ನಾವು ಎಷ್ಟು ಸಲ ಕೆಂಪು ಗೀಟು ಎಳೆದಿದ್ದೆವೋ ಲೆಕ್ಕವಿಲ್ಲ. ಒಂದು ಸಲವಾದರೂ ಏಕೆಂದು ಕೇಳಿದವನಲ್ಲ. ಅಂದು ತಾನಾಗಿಯೇ ಬಂದು, "ಎಲ್ಲೋ ತಪ್ಪಿದೆ ಸಾರ್, ಎಲ್ಲಿ ಎಂದು ಗೊತ್ತಾಗುತ್ತಿಲ್ಲ" ಎಂದನು. ಆಗ ನಾವು ಮಾಡಿದ್ದು ಹಳೆಯ ಕೆಲಸವೇ: ಕಪ್ಪು ಹಲಗೆಯ ಮುಂದೆ ನಿಲ್ಲಿಸಿಕೊಂಡು, ಮಿಲಿಯೆಂದರೆ ಸಾವಿರದಲ್ಲೊಂದು ಭಾಗವೆಂಬುದನ್ನೂ, ದಶಾಂಶದ ಸ್ಥಾನಗಳನ್ನೂ ಇಪ್ಪತ್ತು ನಿಮಿಷ ಪಾಠ ಹೇಳಿದೆವು. ೨೦ ಮಿಲಿಮೀಟರೆಂದರೆ ೦.೦೨ ಮೀಟರು, ನೀರು ೧.೯೨ ಘನಮೀಟರು, ಅಂದರೆ ೧,೯೨೦ ಲೀಟರು. ಹತ್ತು ಪೀಪಾಯಿ ಸಾಕು. ಅವನ ಗುಣಾಕಾರ ಮೊದಲಿನಿಂದಲೂ ಸರಿಯಾಗಿತ್ತು. ಐದನೆಯ ತರಗತಿಯಲ್ಲೋ ಆರನೆಯದರಲ್ಲೋ ಕಳಚಿಹೋಗಿದ್ದ ಒಂದೇ ಕೊಂಡಿಗಾಗಿ ಅವನು ಇಷ್ಟು ವರ್ಷ ದಡ್ಡನಾಗಿದ್ದನು.

ಹುಡುಗರನ್ನು ಕಾರ್ಯದಲ್ಲಿ ಬಿಟ್ಟರೆ ಅವರೇ ಕಲಿಯುವರೆಂದು ನಂಬುವ ಮಿತ್ರರೊಡನೆ ನಮಗೆ ಒಪ್ಪಿಗೆಯಿಲ್ಲ. ೨೦೦೬ರಲ್ಲಿ ಕಿರ್ಶ್ನರ್, ಸ್ವೆಲ್ಲರ್, ಕ್ಲಾರ್ಕ್ ಎಂಬ ಮೂವರು ವಿದ್ವಾಂಸರು, ವಿಷಯಕ್ಕೆ ಹೊಸಬರಾದವರನ್ನು ಮಾರ್ಗದರ್ಶನವಿಲ್ಲದೆ ಬಿಡುವುದು ಫಲಕಾರಿಯಲ್ಲವೆಂದು ಬಲವಾಗಿ ವಾದಿಸಿದರು. ಹಿಂದುಳಿದವನಂತೂ ಎಲ್ಲರಿಗಿಂತ ಹೊಸಬ. ಕಾರ್ಯವು ಅವನ ಕೊಂಡಿ ಎಲ್ಲಿ ಕಳಚಿದೆಯೆಂದು ತೋರಿಸೀತು, ಕೇಳುವ ಮನಸ್ಸನ್ನೂ ಕೊಟ್ಟೀತು, ಬೆಸೆಯಬೇಕಾದವರು ಉಪಾಧ್ಯಾಯರೇ. ಇದಕ್ಕೆ ಕಾಲ ಬಹಳ ಹಿಡಿಯುವುದೆಂಬ ಆಕ್ಷೇಪಣೆಗೆ ನಮ್ಮಲ್ಲಿ ಉತ್ತರವಿಲ್ಲ. ಹಿಡಿಯುತ್ತದೆ.

ಆ ಹುಡುಗ ಪರೀಕ್ಷೆಯಲ್ಲಿ ಹೇಗೋ ತೇರ್ಗಡೆಯಾದನು, ಅಷ್ಟೆ. ಆದರೆ ಪೀಪಾಯಿಗಳನ್ನಿಟ್ಟ ಮೇಲೆ ಇನ್ನೊಂದು ಮಳೆ ಬಂದಾಗ, ಡಬ್ಬಿಯ ಅಳತೆಯಂತೆ ಬರಬೇಕಾದುದಕ್ಕಿಂತ ಒಂದೂವರೆ ಪೀಪಾಯಿ ನೀರು ಕಡಮೆ ಬಂದಿತು. ಮಾರನೆಯ ದಿನ ಬೆಳಿಗ್ಗೆ ಅವನು ನಮ್ಮ ಕೊಠಡಿಯ ಬಾಗಿಲಲ್ಲಿ ನಿಂತಿದ್ದನು. "ಲೆಕ್ಕ ಎರಡು ಸಲ ನೋಡಿದೆ ಸಾರ್, ಸರಿಯಾಗಿದೆ. ಕೊಳವೆ ಎಲ್ಲೋ ಸೋರುತ್ತಿರಬೇಕು. ಏಣಿ ಕೊಡಿಸುತ್ತೀರಾ?"